ಕೈ ಎತ್ತಿ ನಿಂತವನನ್ನು ಕೊಲ್ಲಬಹುದಾ?

1945ರ ಏಪ್ರಿಲ್ 29. ಜರ್ಮನಿಯ ಮ್ಯೂನಿಕ್ ಹತ್ತಿರದ ಡಖಾವ್ ಶಿಬಿರಕ್ಕೆ ಅಮೆರಿಕದ 45ನೇ ಡಿವಿಷನ್‌ನ ಸೈನಿಕರು ಬಂದಾಗ, ಒಳಗೆ ಹೋಗೋಕೆ ಮುಂಚೆಯೇ ಅವರಿಗೆ ಕಂಡಿದ್ದು ಹಳಿ ಮೇಲೆ ನಿಂತಿದ್ದ ಒಂದು ರೈಲು. ಬೋಗಿಗಳಲ್ಲಿ ಸುಮಾರು 2,000 ಹೆಣಗಳು. ಬೂಖನ್‌ವಾಲ್ಡ್ ಶಿಬಿರದಿಂದ ಸಾಗಿಸಿದ್ದ ಕೈದಿಗಳು ಅವರು.

ಅದನ್ನು ನೋಡಿ ಒಳಗೆ ಹೋದವರ ಮುಂದೆ ಎಸ್‌ಎಸ್ ಪಡೆಯವರು ಕೈ ಎತ್ತಿ ನಿಂತಿದ್ದರು. ಕಲ್ಲಿದ್ದಲು ಹಾಕುವ ಅಂಗಳದ ಗೋಡೆಗೆ ಅವರನ್ನು ಸಾಲಾಗಿ ನಿಲ್ಲಿಸಿದ ಸೈನಿಕರು ಗುಂಡು ಹಾರಿಸಿದರು. ಎಷ್ಟು ಜನ ಸತ್ತರು ಅನ್ನೋದರ ಬಗ್ಗೆ ಇವತ್ತಿಗೂ ವಾದ ಇದೆ. ಅಲ್ಲಿದ್ದ ಲೆಫ್ಟಿನೆಂಟ್ ಕರ್ನಲ್ ಫೀಲಿಕ್ಸ್ ಸ್ಪಾರ್ಕ್ಸ್ ಪಿಸ್ತೂಲನ್ನು ಆಕಾಶಕ್ಕೆ ಹಾರಿಸಿ, ಕೂಗಿ, ಗುಂಡಿನ ದಾಳಿ ನಿಲ್ಲಿಸಿದರು. ಆಮೇಲೆ ಸೇನೆ ವಿಚಾರಣೆ ಮಾಡಿತು, ಆದರೆ ಯಾರನ್ನೂ ಕೋರ್ಟ್ ಮಾರ್ಷಲ್‌ಗೆ ಒಳಪಡಿಸಲಿಲ್ಲ.

ನಿಜ ಹೇಳಿ, ನಿಮ್ಮ ಮನಸ್ಸು ಯಾರ ಕಡೆ ವಾಲುತ್ತೆ? "ಅಂಥವರಿಗೆ ಏನು ದಯೆ?" ಅಂತ ಅನ್ನಿಸಿದರೆ ಅದು ಸಹಜ. ಶರಣಾದವರ ಪ್ರಶ್ನೆಯನ್ನು ಒಳ್ಳೆಯ ಶತ್ರುವನ್ನಿಟ್ಟುಕೊಂಡು ಕೇಳಿದರೆ ಉತ್ತರ ಸುಲಭ. ಡಖಾವ್‌ನಲ್ಲಿ ನಿಂತು ಕೇಳಿದಾಗಲೇ ಅದು ಕಷ್ಟ.

ಸಾಮಾನ್ಯವಾಗಿ ಕೊಡೋ ಉತ್ತರ ಲಾಭದ್ದು. ಶರಣಾದರೂ ಸಾವೇ ಅಂತ ಗೊತ್ತಾದರೆ ಶತ್ರು ಕೊನೆಯ ಗುಂಡಿನವರೆಗೂ ಹೋರಾಡ್ತಾನೆ, ನಮ್ಮವರೇ ಹೆಚ್ಚು ಸಾಯ್ತಾರೆ. ಮಾತು ಸರಿ. ಆದರೆ ಯುದ್ಧ ಮುಗಿಯೋಕೆ ಇನ್ನು ಹತ್ತು ದಿನವೂ ಇಲ್ಲದಿದ್ದಾಗ ಈ ಲೆಕ್ಕಕ್ಕೆ ಎಷ್ಟು ಬಲ ಉಳಿಯುತ್ತೆ? ಅದಕ್ಕಿಂತ ಆಳದ ಕಾರಣ ಬೇಕು.

ಸೈನಿಕನಿಗೆ ಕೊಲ್ಲುವ ಅನುಮತಿ ಎಲ್ಲಿಂದ ಬರುತ್ತೆ? ಎದುರಿನವನು ಪಾಪಿ ಅನ್ನೋದರಿಂದ ಅಲ್ಲ. ಹಾಗಿದ್ದಿದ್ದರೆ ಬಲವಂತವಾಗಿ ಸೇನೆಗೆ ಸೇರಿಸಿದ ಹದಿನೆಂಟರ ಹುಡುಗನ ಮೇಲೆ ಗುಂಡು ಹಾರಿಸೋದೂ ತಪ್ಪಾಗಬೇಕಿತ್ತು. ಅವನ ಕೈಯಲ್ಲಿ ಬಂದೂಕು ಇದೆ, ಅವನಿಂದ ಅಪಾಯ ಇದೆ. ಅನುಮತಿ ಬರೋದು ಅಲ್ಲಿಂದ. ಬಂದೂಕು ಕೆಳಗಿಟ್ಟ ಕ್ಷಣ ಆ ಅನುಮತಿಯೂ ಮುಗಿಯಿತು. 1907ರ ಹೇಗ್ ನಿಯಮಗಳು ಹೇಳೋದೂ ಇದನ್ನೇ: ಆಯುಧ ಕೆಳಗಿಟ್ಟು ಶರಣಾದವನನ್ನು ಕೊಲ್ಲುವ ಹಾಗಿಲ್ಲ, "ಯಾರನ್ನೂ ಉಳಿಸಬೇಡಿ" ಅಂತ ಘೋಷಿಸುವ ಹಾಗೂ ಇಲ್ಲ. ನಮಗಿದು ಹೊಸ ವಿಚಾರವೇನಲ್ಲ. ಮಹಾಭಾರತದಲ್ಲಿ ಶಸ್ತ್ರ ತ್ಯಜಿಸಿ ಕೂತ ದ್ರೋಣನ ತಲೆಯನ್ನು ಧೃಷ್ಟದ್ಯುಮ್ನ ಕಡಿದಾಗ, ಕೊಲ್ಲಬೇಡ ಅಂತ ಕೂಗಿದವನು ಅವನದೇ ಪಕ್ಷದ ಅರ್ಜುನ.

ಹಾಗಾದರೆ ಪಾಪದ ಲೆಕ್ಕ? ಅದನ್ನು ಬಿಟ್ಟುಬಿಡಿ ಅಂತ ಯಾರೂ ಹೇಳುತ್ತಿಲ್ಲ. ಆದರೆ ಆ ಲೆಕ್ಕಕ್ಕೆ ಹೆಸರು ಬೇಕು, ಸಾಕ್ಷಿ ಬೇಕು, ಸಮಯ ಬೇಕು. ಡಖಾವ್‌ನ ಹಿರಿಯ ಅಧಿಕಾರಿಗಳಲ್ಲಿ ಹಲವರು ಅಷ್ಟರಲ್ಲಾಗಲೇ ಪರಾರಿಯಾಗಿದ್ದರು. ಗೋಡೆ ಮುಂದೆ ನಿಂತವರಲ್ಲಿ ಪಕ್ಕದ ಎಸ್‌ಎಸ್ ಆಸ್ಪತ್ರೆಯಿಂದ ಎಳೆದು ತಂದವರೂ ಇದ್ದರು. ಆ ಒಂದು ನಿಮಿಷದಲ್ಲಿ ಯಾರು ಏನು ಮಾಡಿದ್ದರು ಅಂತ ವಿಂಗಡಿಸೋದು ಸಾಧ್ಯವೇ ಇರಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ, ಅದೇ ಡಖಾವ್‌ನಲ್ಲಿ ನ್ಯಾಯಮಂಡಳಿ ಕೂತಿತು. ಬದುಕುಳಿದ ಕೈದಿಗಳು ಸಾಕ್ಷಿ ನುಡಿದರು. 40 ಆರೋಪಿಗಳೂ ತಪ್ಪಿತಸ್ಥರೆಂದು ತೀರ್ಮಾನವಾಗಿ 36 ಜನಕ್ಕೆ ಮರಣದಂಡನೆ ಆಯಿತು. ಮರಣದಂಡನೆ ಸರಿಯೇ ಅನ್ನೋದು ಬೇರೆ ಚರ್ಚೆ. ಆದರೆ ಅಲ್ಲಿ ಪ್ರತಿಯೊಬ್ಬನೂ ತಾನು ಮಾಡಿದ್ದಕ್ಕೆ ಉತ್ತರ ಹೇಳಬೇಕಾಯಿತು. ಗೋಡೆ ಮುಂದೆ ಸತ್ತವರಿಗೆ ಸಿಕ್ಕ ಶಿಕ್ಷೆ ಬರೀ ಸಮವಸ್ತ್ರಕ್ಕೆ ಸಿಕ್ಕಿದ್ದು. ಮನುಷ್ಯನನ್ನು ನೋಡದೆ ಗುರುತನ್ನು ನೋಡಿ ಕೊಲ್ಲೋದು ಆ ಶಿಬಿರದ್ದೇ ರೀತಿ ಆಗಿತ್ತು, ಅಲ್ವಾ?

ಗುಂಡು ಹಾರಿಸಿದ ಹುಡುಗರನ್ನು ರಾಕ್ಷಸರು ಅಂತ ಕರೆಯೋಕೆ ನನಗೆ ಮನಸ್ಸಿಲ್ಲ. ಆ ರೈಲನ್ನು ನೋಡಿದವರು ಅವರು. ಅವರ ಸಿಟ್ಟು ಅರ್ಥವಾಗುತ್ತೆ. ಆದರೆ ಅರ್ಥವಾಗೋದು ಬೇರೆ, ಸರಿ ಅನ್ನೋದು ಬೇರೆ. ಸ್ಪಾರ್ಕ್ಸ್ ಕೂಡ ಅದೇ ರೈಲನ್ನು ನೋಡಿದ್ದರು. ಸಿಟ್ಟು ನ್ಯಾಯವಾದದ್ದೇ ಆಗಿರುವಾಗಲೂ ಅದನ್ನು ತಡೆದು ನಿಲ್ಲಿಸುವವನು ಒಬ್ಬ ಇರಲಿ ಅಂತಲೇ ಸೇನೆಯಲ್ಲಿ ಅಧಿಕಾರಿಗಳನ್ನು ಇಟ್ಟಿರೋದು.