ಹಿಂದೆ ಬರುವವರ ಪಾಲು

ಡೀಸೆಲ್ ಕಾರಿನ ಸದ್ದು ಓಡಿಸುವವನ ಕಿವಿಗೆ ಬೀಳುತ್ತದೆ, ನಡುಕ ಅಂಗೈಗೆ ಗೊತ್ತಾಗುತ್ತದೆ, ಎಂಜಿನ್ ಕಾದರೆ ಎದುರಿನ ಮುಳ್ಳು ಹೇಳುತ್ತದೆ. ಹೊಗೆಯ ವಿಷಯ ಹಾಗಲ್ಲ. ಕನ್ನಡಿಯಲ್ಲಿ ಅರೆಬರೆ ಕಂಡರೂ ಅದು ಅವನ ಮೂಗಿಗೆ ಬರುವುದಿಲ್ಲ; ಅದು ಹಿಂದೆ ಬರುವವರ ಪಾಲು. ಹಳೆಯ ಡೀಸೆಲ್ ಸ್ಟೇಷನ್ ವ್ಯಾಗನ್ ಒಂದನ್ನು ಇಷ್ಟಪಟ್ಟು ಇಟ್ಟುಕೊಂಡಿರುವ ನನ್ನನ್ನು ಕಾಡುವ ಪ್ರಶ್ನೆ ಹುಟ್ಟುವುದು ಇಲ್ಲೇ. ಒಂದು ವಸ್ತುವನ್ನು ನನ್ನದು ಎನ್ನುವಾಗ ಎಲ್ಲಿಯವರೆಗೆ ಅದು ನನ್ನದು?

ನಮ್ಮದು 1996ರ ಟಾಟಾ ಎಸ್ಟೇಟ್. ಟಾಟಾಮೊಬೈಲ್ ಪಿಕಪ್ಪಿನ ಬುನಾದಿಯ ಮೇಲೆ 1991ರಲ್ಲಿ ಸಿಯೆರಾ ಬಂತು, ಮರುವರ್ಷ ಈ ಎಸ್ಟೇಟ್. 1948 ಸಿಸಿ ಎಂಜಿನ್, ನಾಲ್ಕು ಸಿಲಿಂಡರ್, ಒಂದೊಂದರ ವ್ಯಾಸ 83 ಮಿಲಿಮೀಟರ್. ಕಂಪ್ಯೂಟರ್ ಇಲ್ಲ, ಸ್ಪ್ಯಾನರ್ ಹಿಡಿದವರಿಗೆ ಪೂರ್ತಿ ಅರ್ಥವಾಗುವ ಯಂತ್ರ. ಬಂದ ಕಾಲಕ್ಕೆ ಈ ಸ್ಟೇಷನ್ ವ್ಯಾಗನ್ ಆಕಾರ ನಮ್ಮ ಜನಕ್ಕೆ ಒಗ್ಗಲಿಲ್ಲ. ಡಿಕ್ಕಿ ಹಿಂದಕ್ಕೆ ಚಾಚಿಕೊಂಡಿದ್ದರೆ ಕಾರು, ಇಲ್ಲದಿದ್ದರೆ ಆಂಬುಲೆನ್ಸ್ ಎಂಬ ಭಾವನೆ ಇತ್ತು. 2004ರಲ್ಲಿ ಟಾಟಾದವರೇ ಇಂಡಿಗೊ ಮರೀನಾ ತಂದು ಮತ್ತೊಮ್ಮೆ ನೋಡಿದರು, ಅದೂ ಬೇರೂರಲಿಲ್ಲ. ನನಗಂತೂ ಈ ಆಕಾರದಲ್ಲಿ ಒಂದು ಔದಾರ್ಯ ಕಾಣುತ್ತದೆ. ಹಿಂದಿನ ಸೀಟು ಮಡಿಸಿದರೆ ಹಿಂಬಾಗಿಲವರೆಗೂ ಒಂದೇ ಹಾಸು. ಅದರಲ್ಲಿ ಹೋಗಿರುವುದು ನಮ್ಮ ಸಾಮಾನಿಗಿಂತ ಊರವರದೇ ಹೆಚ್ಚು: ಮದುವೆಮನೆಯ ಕೊಪ್ಪರಿಗೆ, ಅಡಿಕೆ ಮೂಟೆ, ಶಾಲೆಯ ಬೆಂಚು, ಸೊಂಟ ಮುರಿದುಕೊಂಡ ಪಕ್ಕದ ಮನೆಯ ಅಜ್ಜಿ. ಇಷ್ಟು ಜಾಗ ಇಟ್ಟುಕೊಂಡವನನ್ನು ಊರು ಕೇಳದೆ ಬಿಡುವುದಿಲ್ಲ, ಕೇಳಿದಾಗ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಹಾಗಾಗಿ ಈ ಕಾರು ನನ್ನೊಬ್ಬನದು ಎಂದು ಯಾವತ್ತೂ ಅನ್ನಿಸಿಲ್ಲ.

ಹಾಗಿದ್ದರೆ ಅದರ ಹೊಗೆ ಯಾರದು?

ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿಗೆ ಕಿಡಿ ಬೇಕಿರಲಿಲ್ಲ; ಇಂದಿಗೂ ಬೇಕಿಲ್ಲ. ನಮ್ಮದರಂಥ ಕಾರುಗಳಲ್ಲಿ ಎಂಜಿನ್ ಗಾಳಿಯನ್ನು ಸುಮಾರು 20 ಪಟ್ಟು ಒತ್ತುತ್ತದೆ. ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ, ಆ ಬಿಸಿಗೆ ಚಿಮ್ಮಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಎಲ್ಲವೂ ನಿಂತಿರುವುದು ಆ ಚಿಮ್ಮುವ ರೀತಿಯ ಮೇಲೆ. ಡೀಸೆಲ್ ಪಂಪ್ ರಿಪೇರಿ ಅಂಗಡಿಯಲ್ಲಿ, ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಬಿಚ್ಚಿ, ಕೈಯಲ್ಲಿ ಒತ್ತುವ ಟೆಸ್ಟರಿಗೆ ಕೂರಿಸಿ ನೋಡುತ್ತಾರೆ. ಹಿಡಿ ಒತ್ತಿದಾಗ ಒಳ್ಳೆಯ ನಾಜಲ್ ಕಿರ್ರೆಂದು ದನಿ ಮಾಡಿ ಡೀಸೆಲ್ಲನ್ನು ಮಂಜಿನಂತೆ ಹರಡುತ್ತದೆ. ತುದಿ ಒಣಗಿಯೇ ಇರುತ್ತದೆ. ಸವೆದ ನಾಜಲ್ ಸದ್ದಿಲ್ಲದೆ ಒಂದೇ ಗೆರೆಯಾಗಿ ಸುರಿಸುತ್ತದೆ, ಕೊನೆಗೆ ತುದಿಯಲ್ಲಿ ಒಂದು ತೊಟ್ಟು ನೇತಾಡುತ್ತದೆ. ‘ಈ ತೊಟ್ಟು ನೋಡಿ ಸಾರ್, ನಿಮ್ಮ ಕರಿಹೊಗೆ ಇದೇ’ ಎಂದು ಮೇಸ್ತ್ರಿ ತೋರಿಸಿದರು. ದಪ್ಪ ಹನಿಯ ಹೊರಗಿನದು ಉರಿಯುತ್ತದೆ, ಒಳಗಿನದು ಗಾಳಿ ಸಿಗದೆ ಮಸಿಯಾಗುತ್ತದೆ. ದೇಶಕ್ಕೆ ಡೀಸೆಲ್ ಪಂಪು, ನಾಜಲ್ ಮಾಡಿಕೊಟ್ಟ, 1951ರಲ್ಲಿ ಶುರುವಾದ ಮೈಕೊ ನೆಲೆಯೂರಿದ್ದು ಬೆಂಗಳೂರಿನಲ್ಲಿ. ಕಂಪನಿಯ ಹೆಸರು ಬಾಷ್ ಎಂದಾಗಿ ವರ್ಷಗಳು ಕಳೆದರೂ ಗ್ಯಾರೇಜಿನವರ ಬಾಯಲ್ಲಿ ಅದು ಮೈಕೊ ಪಂಪೇ.

ನಾಜಲ್ ಒಂದೇ ಅಲ್ಲ. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದರೂ ಹೊಗೆ ಕಪ್ಪಾಗುತ್ತದೆ. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಅಂದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಡೀಸೆಲ್ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ, ಅಲ್ಲಿ ಸೇರಿದ ನೀರನ್ನು ಆಗಾಗ ಹೊರಬಿಡಬೇಕು. ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಜಿಡ್ಡು, ಅಲ್ಲಿಗೆ ನೀರು ಹೋದರೆ ತುಕ್ಕು.

ಇದನ್ನೆಲ್ಲ ಕಾರು ಬಾಳಿಕೆ ಬರಲಿ ಎಂದು ಮಾಡುತ್ತೇವೆ ಅಂದುಕೊಳ್ಳುವುದು ರೂಢಿ. ಆದರೆ ನಾಜಲ್ ಸವೆದರೂ ಈ ಎಂಜಿನ್ ನಿಲ್ಲುವುದಿಲ್ಲ. ಕರಿಹೊಗೆ ಕಾರುತ್ತಲೇ ವರ್ಷಗಟ್ಟಲೆ ಓಡುತ್ತದೆ. ನಾವು ಹೊಗಳುವ ಗಟ್ಟಿತನದಲ್ಲೇ ಅದರ ಅಪಾಯವೂ ಇದೆ. ಕೆಟ್ಟು ನಿಲ್ಲುವ ಯಂತ್ರ ಒಡೆಯನನ್ನು ಸತಾಯಿಸುತ್ತದೆ, ಅವನು ರಿಪೇರಿ ಮಾಡಿಸುತ್ತಾನೆ. ಕೆಟ್ಟರೂ ಓಡುವ ಯಂತ್ರದ ಕಷ್ಟ ಬೇರೆಯವರಿಗೆ. ನಾಜಲ್ ಬದಲಿಸಿದ ದುಡ್ಡಿನಿಂದ ಮೈಲೇಜು ಕೊಂಚ ಏರೀತು. ನಿಜವಾದ ಫಲ ಸಿಗುವುದು ಏರಿನಲ್ಲಿ ನನ್ನ ಹಿಂದೆ ಸೈಕಲ್ ತುಳಿಯುವ ಹುಡುಗಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆಮೇಲೆ ಇದನ್ನು ಬರೀ ಗ್ಯಾರೇಜಿನ ವಿಷಯ ಎಂದು ತಳ್ಳಿಹಾಕಲು ಬರುವುದಿಲ್ಲ.

ಹೊಸ ಕಾರು ತಯಾರಿಸಲೂ ಉಕ್ಕು, ಕಲ್ಲಿದ್ದಲು ಬೇಕಲ್ಲ, ಹಳೆಯದನ್ನೇ ಉಳಿಸಿಕೊಳ್ಳುವುದು ಮೇಲಲ್ಲವೇ ಎಂದು ಗೆಳೆಯರು ಹೇಳುತ್ತಾರೆ. ಮಾತು ನಿಜ, ಆದರೆ ಅದರಿಂದ ನನಗೆ ಸಮಾಧಾನವಿಲ್ಲ. ಎಲ್ಲೋ ಉಳಿದ ಇಂಗಾಲದ ಲೆಕ್ಕವನ್ನು ಇಲ್ಲಿ ಒಬ್ಬರ ಶ್ವಾಸಕೋಶಕ್ಕೆ ಇಳಿದ ಮಸಿಗೆ ವಜಾ ಹಾಕುವುದು ಯಾವ ನ್ಯಾಯ?

ಕಾನೂನು ತನ್ನ ರೀತಿಯಲ್ಲಿ ಉತ್ತರ ಕೊಟ್ಟಿದೆ. 1990ರ ದಶಕದ ಆರಂಭದಲ್ಲಿ ನಮ್ಮ ಡೀಸೆಲ್ಲಿನಲ್ಲಿ ಶೇಕಡ 1ರವರೆಗೆ ಗಂಧಕ ಇರಬಹುದಿತ್ತು. 2020ರ ಏಪ್ರಿಲ್‌ನಿಂದ ಮಿತಿ ಹತ್ತು ಲಕ್ಷಕ್ಕೆ 10 ಭಾಗ, ಅಂದರೆ ಹಿಂದಿನದರ ಸಾವಿರದಲ್ಲಿ ಒಂದು ಪಾಲು. ನನ್ನ ಹಳೆಯ ಎಂಜಿನ್ನಿಗೂ ಈಗ ಆ ಶುದ್ಧ ಡೀಸೆಲ್ಲೇ ಸಿಗುತ್ತಿದೆ. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನ ಓಡಬಾರದು ಎಂದಿತು. ವಯಸ್ಸೊಂದನ್ನೇ ಅಳತೆ ಮಾಡಿಕೊಳ್ಳುವುದು ಒರಟು ಕ್ರಮ ಅನ್ನಿಸುತ್ತದೆ. ಚೆನ್ನಾಗಿ ನೋಡಿಕೊಂಡ ಕಾರು, ನೋಡಿಕೊಳ್ಳದ ಕಾರು ಎರಡನ್ನೂ ಅದು ಒಂದೇ ಮಾಡುತ್ತದೆ. ಆದರೆ ಎಮಿಷನ್ ಟೆಸ್ಟೂ ಉದಾರಿಯೇ. ನಮ್ಮದರಂಥ ಹಳೆಯ ಕಾರಿಗೆ ಹೊಗೆಯ ದಟ್ಟಣೆಯ ಮಿತಿ 65 ಹಾರ್ಟ್‌ರಿಡ್ಜ್ ಯೂನಿಟ್. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಅಳೆಯುತ್ತಾರೆ, ಮೂಟೆ ತುಂಬಿಕೊಂಡು ಏರು ಹತ್ತುವಾಗ ಏನಾಗುತ್ತದೆಂದು ನೋಡುವುದಿಲ್ಲ. ಅದಕ್ಕೇ ಸರ್ಟಿಫಿಕೇಟ್ ಸಿಕ್ಕಿದ ಮೇಲೂ ನನ್ನದೊಂದು ಪರೀಕ್ಷೆ ಬಾಕಿ ಇರುತ್ತದೆ. ತಮ್ಮನ ಕೈಗೆ ಸ್ಟೇರಿಂಗ್ ಕೊಟ್ಟು, ಹಿಂದೆ ಭಾರ ಹಾಕಿಸಿ, ಊರಾಚೆಯ ಏರಿನಲ್ಲಿ ನಾನು ಬೈಕಿನಲ್ಲಿ ಹಿಂಬಾಲಿಸುತ್ತೇನೆ. ನನ್ನ ಕಾರನ್ನು ನಾನು ಸರಿಯಾಗಿ ನೋಡುವುದು ಆಗಲೇ.

ಇಷ್ಟು ಹಳೆಯ ಕಾರಿನ ನೋಂದಣಿ, ಅಂದರೆ ಆರ್.ಸಿ., ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಕಾರಿಗೆ ಅದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತ್ತು. ಅದನ್ನು ಕಟ್ಟುವುದು ದೊಡ್ಡದಲ್ಲ. ರಿಂಗ್ ಹಾಕಿಸಿ ಎಂಜಿನ್ ಪೂರ್ತಿ ಮಾಡಿಸಿದರೆ ಕಾರಿನ ಬೆಲೆಗಿಂತ ಹೆಚ್ಚಾಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಆಗಲಿ, ಮಾಡಿಸುತ್ತೇನೆ. ಅಷ್ಟಾದ ಮೇಲೂ ಆ ಏರಿನಲ್ಲಿ ನಾನು ಮೂಗು ಮುಚ್ಚಿಕೊಳ್ಳಬೇಕಾಗಿ ಬಂದರೆ ನವೀಕರಣದ ಅರ್ಜಿ ಹಾಕುವುದಿಲ್ಲ.