ಬೀಗದ ಬೀರುವೋ, ಮಗುವಿನ ಬ್ಯಾಗೋ: ಶಾಲೆಯಲ್ಲಿ ಉಬ್ಬಸದ ಔಷಧ ಕುರಿತ ಮೀಮಾಂಸೆ

ವಿಷಯ

ಉಬ್ಬಸವಿರುವ ಮಗು ದಿನಕ್ಕೆ ಆರೇಳು ಗಂಟೆ ಶಾಲೆಯಲ್ಲಿ ಕಳೆಯುತ್ತದೆ. ಅಷ್ಟು ಹೊತ್ತು ಅದರ ಇನ್‌ಹೇಲರ್ ಎಲ್ಲಿರಬೇಕು, ದಮ್ಮು ಕಟ್ಟಿದಾಗ ಕೊಡುವ ಅಧಿಕಾರ ಯಾರದು ಎಂಬುದು ಇಲ್ಲಿಯ ವಿಷಯ. ಇದಕ್ಕೆ ಅಂಟಿಕೊಂಡೇ ಇನ್ನೊಂದು ಪ್ರಶ್ನೆ ಬರುತ್ತದೆ. ಹಾಲಿಗೋ ಶೇಂಗಾಕ್ಕೋ ಜೇನುನೊಣದ ಕಡಿತಕ್ಕೋ ಮುಖ ಬಾತು, ಗಂಟಲು ಬಿಗಿದು, ನಾಡಿ ಇಳಿದುಹೋಗುವ ತೀವ್ರ ಅಲರ್ಜಿಗೆ ಶಾಲೆ ಏನು ಮಾಡಬೇಕು?

ಬೆಂಗಳೂರಿನ ವಿಜಯನಗರದ ಹೊಸಹಳ್ಳಿಯನ್ನೇ ಕಣ್ಣಮುಂದೆ ಇಟ್ಟುಕೊಳ್ಳೋಣ. ಒಂದು ಬದಿಗೆ ಮಾಗಡಿ ರಸ್ತೆ, ಇನ್ನೊಂದು ಬದಿಗೆ ಕಾರ್ಡ್ ರಸ್ತೆ. ಮೇಲೆ 2015ರ ನವೆಂಬರಿನಿಂದ ಮೆಟ್ರೊ ಓಡುತ್ತಿದೆ, ಕೆಳಗೆ ಬಸ್ಸು, ಲಾರಿ, ಆಟೊಗಳ ಹೊಗೆ ಹಾಗೆಯೇ ಇದೆ. ಇಂಥ ಕಡೆಯ ಮಕ್ಕಳ ಉಸಿರಾಟದ ಬಗ್ಗೆ ನಮ್ಮ ಊರಿನದೇ ಲೆಕ್ಕವಿದೆ. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಬೆಂಗಳೂರಿನ 12 ಶಾಲೆಗಳಲ್ಲಿ 6ರಿಂದ 15 ವರ್ಷದ 6,550 ಮಕ್ಕಳನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾಹನ ಕಡಿಮೆಯಿರುವ ಕಡೆಯ ಶಾಲೆಯಲ್ಲಿ 11.15% ಮಕ್ಕಳಿಗೆ ಆಸ್ತಮಾ, ವಾಹನ ದಟ್ಟಣೆಯ ಕಡೆ 19.34%, ದಟ್ಟಣೆಯ ಜೊತೆಗೆ ಬಡತನವೂ ಇದ್ದ ಕಡೆ 31.14%. ಅದೇ ಲೇಖನದಲ್ಲಿ ಅವರ ಆಸ್ಪತ್ರೆಯ ದಾಖಲೆಯೂ ಇದೆ: 1979ರಲ್ಲಿ 9% ಇದ್ದದ್ದು 1999ರ ಹೊತ್ತಿಗೆ 29.5%. ಆಸ್ಪತ್ರೆಗೆ ಬಂದವರ ಲೆಕ್ಕವನ್ನು ಇಡೀ ಊರಿಗೆ ಅನ್ವಯಿಸುವುದು ಸರಿಯಲ್ಲ. ಶಾಲೆಗಳ ಲೆಕ್ಕ ಮಾತ್ರ ನೇರವಾಗಿ ನಮ್ಮ ವಿಷಯಕ್ಕೇ ಸೇರಿದ್ದು. ನಲವತ್ತು ಮಕ್ಕಳ ತರಗತಿಯಲ್ಲಿ 19% ಎಂದರೆ ಏಳೆಂಟು ಮಕ್ಕಳು. ಟೀಚರಿಗೆ ಅವರಲ್ಲಿ ಇಬ್ಬರ ಹೆಸರು ಗೊತ್ತಿದ್ದರೆ ಹೆಚ್ಚು.

ಸಂಶಯ

ಮಕ್ಕಳು ಬ್ಯಾಗಿನಲ್ಲಿ ಯಾವ ಮಾತ್ರೆ, ಔಷಧವನ್ನೂ ತರಬಾರದು, ತಂದರೆ ಆಫೀಸಿಗೆ ಒಪ್ಪಿಸಬೇಕು ಎಂಬ ನಿಯಮ ಅನೇಕ ಶಾಲೆಗಳಲ್ಲಿದೆ. ನಿಯಮ ಸರಿಯಾದದ್ದೇ. ಜ್ವರದ ಮಾತ್ರೆಯನ್ನೂ ಕೆಮ್ಮಿನ ಸಿರಪ್ಪನ್ನೂ ಮಕ್ಕಳು ಹಂಚಿಕೊಂಡು ಕುಡಿಯಬಾರದೆಂದು ಮಾಡಿದ್ದು. ಇನ್‌ಹೇಲರಿಗೂ ಇದು ಅನ್ವಯಿಸುತ್ತದೆಯೇ ಎಂಬುದು ಸಂಶಯ.

ಹಳೆಯ ಮೀಮಾಂಸಕರಿಗೆ ಇಂಥ ಸಂಶಯ ಹೊಸದಲ್ಲ. ಊಟಕ್ಕೆ ಕೂತವರಿಗೆಲ್ಲ ಮೊಸರು ಬಡಿಸಿ, ಕೌಂಡಿನ್ಯನಿಗೆ ಮಜ್ಜಿಗೆ ಬಡಿಸಿ ಎಂದರೆ ಕೌಂಡಿನ್ಯನಿಗೆ ಮೊಸರಿಲ್ಲ; ವಿಶೇಷ ವಿಧಿ ಇರುವ ಕಡೆ ಸಾಮಾನ್ಯ ವಿಧಿ ಹಿಂದೆ ಸರಿಯುತ್ತದೆ. ತಕ್ರಕೌಂಡಿನ್ಯ ನ್ಯಾಯವೆಂದು ಇದಕ್ಕೆ ಹೆಸರು. ವೈದ್ಯರು ಒಂದು ಮಗುವಿನ ಹೆಸರಿಗೆ ಬರೆದುಕೊಟ್ಟ ಚೀಟಿ ಅಂಥ ವಿಶೇಷ ವಿಧಿ. ಶಾಲೆಯ ಸಾಮಾನ್ಯ ನಿಷೇಧ ಆ ಮಗುವಿನ ಮಟ್ಟಿಗೆ ಹಿಂದೆ ಸರಿಯಬೇಕು.

ನ್ಯಾಯಕ್ಕಿಂತ ಗಟ್ಟಿಯಾದ ಕಾರಣ ಕಾಲದ್ದು. ಕೆನಡಾದ ಒಂಟಾರಿಯೊದಲ್ಲಿ 2012ರ ಅಕ್ಟೋಬರಿನಲ್ಲಿ ರಯಾನ್ ಗಿಬ್ಬನ್ಸ್ ಎಂಬ ಹನ್ನೆರಡು ವರ್ಷದ ಹುಡುಗ ಶಾಲೆಯ ಬಿಡುವಿನ ಹೊತ್ತಿನಲ್ಲಿ ಆಸ್ತಮಾದಿಂದ ತೀರಿಕೊಂಡ. ಅವನ ಇನ್‌ಹೇಲರ್ ಪ್ರಾಂಶುಪಾಲರ ಕೊಠಡಿಯಲ್ಲಿ ಬೀಗದೊಳಗಿತ್ತು. ಅವನ ತಾಯಿ ಹೋರಾಡಿ, 2015ರಲ್ಲಿ ಅಲ್ಲಿ ಅವನ ಹೆಸರಿನ ಕಾನೂನೇ ಬಂತು: ವೈದ್ಯರೂ ಪಾಲಕರೂ ಒಪ್ಪಿದರೆ ಮಗು ಇನ್‌ಹೇಲರನ್ನು ತನ್ನ ಬಳಿಯೇ ಇಟ್ಟುಕೊಳ್ಳಲು ಶಾಲೆ ಬಿಡಲೇಬೇಕು. ಆ ಹುಡುಗನಿಗೆ ಔಷಧ ಇರಲಿಲ್ಲವೆಂದಲ್ಲ. ಅದು ಅವನಿಂದ ಕೆಲವು ನಿಮಿಷ ದೂರದಲ್ಲಿತ್ತು, ಅಷ್ಟೆ. ಆಫೀಸು ಕೆಳಗಿನ ಮಹಡಿಯಲ್ಲಿ, ಮಗು ಮೂರನೆಯ ಮಹಡಿಯ ತರಗತಿಯಲ್ಲಿ, ಬೀಗದ ಕೈ ರಜೆ ಹಾಕಿದ ಗುಮಾಸ್ತರ ಬಳಿ: ಹೊಸಹಳ್ಳಿಯ ಕಿರಿದಾದ ಸೈಟಿನ ಶಾಲೆಯಲ್ಲೂ ಇದು ನಡೆಯಬಹುದು.

ಆದ್ದರಿಂದ ನನ್ನ ಸಿದ್ಧಾಂತ: ಔಷಧ ಮಗುವಿನ ಕೈಗೆಟುಕುವಲ್ಲಿ, ಬೀಗವಿಲ್ಲದೆ ಇರಬೇಕು, ಕೊಡಬೇಕೋ ಬೇಡವೋ ಎಂಬ ತೀರ್ಮಾನ ದಮ್ಮು ಕಟ್ಟುವ ಮೊದಲೇ, ಕಾಗದದ ಮೇಲೆ ಆಗಿರಬೇಕು.

ಪೂರ್ವಪಕ್ಷಗಳು

ಮಕ್ಕಳ ಕೈಗೆ ಕೊಟ್ಟರೆ ಆಟಿಕೆ ಮಾಡಿಕೊಳ್ಳುತ್ತಾರೆ ಎಂಬುದು ಮೊದಲ ಆಕ್ಷೇಪ. ಮಾಡಿಕೊಳ್ಳಲಿ ಎಂದು ನಾನು ಹೇಳುವುದಿಲ್ಲ. ಆದರೆ ಎರಡು ಕೇಡುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಉಬ್ಬಸವಿಲ್ಲದ ಮಗು ಚೇಷ್ಟೆಗೆ ನೀಲಿ ಪಂಪನ್ನು, ಅಂದರೆ ದಮ್ಮು ಕಟ್ಟಿದಾಗ ಎಳೆಯುವ ಸಾಲ್ಬುಟಮಾಲ್ ಇನ್‌ಹೇಲರನ್ನು, ಎರಡು ಸಲ ಒತ್ತಿ ಎಳೆದುಕೊಂಡರೆ ಕೈ ಸ್ವಲ್ಪ ನಡುಗಬಹುದು, ಎದೆ ಡವಡವ ಎನ್ನಬಹುದು. ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಉಬ್ಬಸವಿರುವ ಮಗುವಿಗೆ ಅದೇ ಪಂಪು ಹೊತ್ತಿಗೆ ಸಿಗದಿದ್ದರೆ ಆಗುವುದು ಇಳಿಯುವಂಥದ್ದಲ್ಲ. ಒಂದು, ಎರಡನೆಯ ತರಗತಿಯ ಮಕ್ಕಳು ತಾವೇ ಸಂಭಾಳಿಸಲಾರರು, ನಿಜ. ಅವರದ್ದು ಟೀಚರ ಮೇಜಿನ ಡ್ರಾಯರಿನಲ್ಲಿರಲಿ, ಆ ಡ್ರಾಯರಿಗೆ ಬೀಗ ಬೇಡ. ಐದನೆಯ ತರಗತಿಯ ಹೊತ್ತಿಗೆ ಹೆಚ್ಚಿನ ಮಕ್ಕಳು ತಮ್ಮ ಪಂಪನ್ನು ತಾವೇ ಹಿಡಿಯಬಲ್ಲರು.

ಎರಡನೆಯದು ಶಿಕ್ಷಕರ ಆಕ್ಷೇಪ. ಹೆಚ್ಚು ಹೊತ್ತು ನಿಲ್ಲಬೇಕಾದ ಕಡೆ ಇದು. “ನಾವು ಡಾಕ್ಟರಲ್ಲ. ಕೊಟ್ಟು ಏನಾದರೂ ಹೆಚ್ಚುಕಡಿಮೆ ಆದರೆ ಪೊಲೀಸ್ ಸ್ಟೇಷನ್ನಿಗೆ ಹೋಗಬೇಕಾದವರು ನಾವು” ಎಂದು ಅವರು ಹೇಳುವುದರಲ್ಲಿ ತಪ್ಪಿಲ್ಲ. ಮೀಮಾಂಸೆಯ ಮಾತಿನಲ್ಲಿ ಇದು ಅಧಿಕಾರದ ಪ್ರಶ್ನೆ: ಈ ಕರ್ಮಕ್ಕೆ ಯಾರು ಅರ್ಹರು? ನಾವು ಶಿಕ್ಷಕರಿಂದ ರೋಗ ಪತ್ತೆಯನ್ನು ಕೇಳುತ್ತಿಲ್ಲ. ಅದನ್ನು ವೈದ್ಯರು ಮಾಡಿ ಮುಗಿಸಿದ್ದಾರೆ. ಕೇಳುವುದು ಒಂದು ಹಾಳೆಯಲ್ಲಿ ಬರೆದಿರುವಂತೆ ನಡೆಯುವುದನ್ನು ಮಾತ್ರ. ಮಗುವಿನ ಫೋಟೊ, ಔಷಧದ ಹೆಸರು, ಎಷ್ಟು ಪಫ್, ಎಷ್ಟು ಹೊತ್ತು ಕಾಯಬೇಕು, ಯಾರಿಗೆ ಫೋನ್. ಕೆಳಗೆ ವೈದ್ಯರ ರುಜು, ತಂದೆತಾಯಿಯ ರುಜು.

ಕಾನೂನೂ ಶಿಕ್ಷಕರ ಜೊತೆಗಿದೆ. ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗಾಗಿ ಪಾಲಕರ ಒಪ್ಪಿಗೆ ಪಡೆದು ಸದ್ಭಾವನೆಯಿಂದ ಮಾಡಿದ ಕೆಲಸವನ್ನು ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಂ ಅಪರಾಧವೆಂದು ಎಣಿಸುವುದಿಲ್ಲ. ಒಪ್ಪಿಗೆ ಪಡೆಯಲು ಹೊತ್ತೇ ಇಲ್ಲದಾಗ ಒಳಿತಿಗಾಗಿ ಮಾಡಿದ್ದಕ್ಕೆ 30ನೆಯ ಕಲಂ ರಕ್ಷಣೆ ಕೊಡುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇವೇ 89 ಮತ್ತು 92 ಆಗಿದ್ದವು. ಆದರೂ ಕಲಂ ಓದಿ ಧೈರ್ಯ ತಂದುಕೊಳ್ಳಬೇಕಾದ ಸ್ಥಿತಿಯಲ್ಲಿ ಶಿಕ್ಷಕರನ್ನು ಬಿಡುವುದು ನ್ಯಾಯವಲ್ಲ. ಬ್ರಿಟನ್ನಿನಲ್ಲಿ 2014ರ ಅಕ್ಟೋಬರ್ 1ರಿಂದ ಶಾಲೆಗಳು ತುರ್ತಿಗೆಂದು ಸಾಲ್ಬುಟಮಾಲ್ ಇನ್‌ಹೇಲರನ್ನು ಚೀಟಿಯಿಲ್ಲದೆ ಕೊಂಡು ಇಟ್ಟುಕೊಳ್ಳಬಹುದು. ನಮ್ಮ ಶಿಕ್ಷಣ ಇಲಾಖೆಯೂ ಅಂಥದೊಂದು ಸ್ಪಷ್ಟ ಸುತ್ತೋಲೆ ಹೊರಡಿಸಬೇಕು. ಭಯದಲ್ಲಿರುವವರಿಗೆ ಬೇಕಾದ್ದು ಉಪದೇಶವಲ್ಲ, ರುಜು ಹಾಕಿದ ಆದೇಶ.

ಹಾಳೆಯಲ್ಲಿ ಬರೆಯಬೇಕಾದದ್ದು ಅಷ್ಟು ಕಷ್ಟದ್ದೇನೂ ಅಲ್ಲ. ಆಸ್ಟ್ರೇಲಿಯಾದ ಶಾಲೆಗಳಲ್ಲಿ ಕಲಿಸುವ ಕ್ರಮ ಹೀಗಿದೆ. ಮಗುವನ್ನು ನೆಟ್ಟಗೆ ಕೂರಿಸಬೇಕು, ಮಲಗಿಸಬಾರದು. ಪಂಪನ್ನು ಅಲ್ಲಾಡಿಸಿ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿ ಒಂದು ಪಫ್ ಒತ್ತಿದರೆ ಮಗು ಅದರೊಳಗಿಂದ ನಾಲ್ಕು ಸಲ ಉಸಿರೆಳೆದು ಬಿಡಬೇಕು. ಹೀಗೆ ನಾಲ್ಕು ಪಫ್. ನಾಲ್ಕು ನಿಮಿಷ ಕಾದು, ಕಡಿಮೆಯಾಗದಿದ್ದರೆ ಮತ್ತೆ ನಾಲ್ಕು. ಆಗಲೂ ಕಡಿಮೆಯಾಗದಿದ್ದರೆ ಆಂಬುಲೆನ್ಸಿಗೆ ಫೋನ್ ಮಾಡಿ ಪಫ್ ಮುಂದುವರಿಸಬೇಕು. ಮಗುವಿಗೆ ಒಂದು ವಾಕ್ಯ ಪೂರ್ತಿ ಮಾತಾಡಲಾಗದಿದ್ದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆದುಕೊಳ್ಳುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ ಕಾಯುವ ಮಾತೇ ಇಲ್ಲ: ಮೊದಲೇ 108, ಪಫ್ ನಿಲ್ಲಿಸದೆ.

ಮೂರನೆಯ ಆಕ್ಷೇಪ ಮನೆಯಿಂದಲೇ ಬರುತ್ತದೆ. “ಪಂಪು ಅಭ್ಯಾಸ ಆಗಿಬಿಟ್ಟರೆ ಬಿಡಿಸೋಕಾಗಲ್ಲ, ಸಿರಪ್ಪೇ ಸಾಕು” ಎನ್ನುವ ಅಜ್ಜಿ, “ಹೆಣ್ಣುಮಗು, ನಾಲ್ಕು ಜನಕ್ಕೆ ಗೊತ್ತಾದರೆ ನಾಳೆ ಮದುವೆಗೆ ತೊಂದರೆ” ಎನ್ನುವ ತಾಯಿ. ಸಿರಪ್ಪಿನ ಲೆಕ್ಕ ನೋಡಿ. ಸಾಲ್ಬುಟಮಾಲ್ ಸಿರಪ್ಪಿನ 5 ಮಿ.ಲೀ. ಚಮಚದಲ್ಲಿ 2 ಮಿಲಿಗ್ರಾಂ ಔಷಧವಿದೆ. ಪಂಪಿನ ಒಂದು ಪಫ್ಫಿನಲ್ಲಿ 100 ಮೈಕ್ರೊಗ್ರಾಂ. ಒಂದು ಚಮಚವೆಂದರೆ ಇಪ್ಪತ್ತು ಪಫ್ಫಿನ ಔಷಧ. ಅದು ಹೊಟ್ಟೆಗೆ ಹೋಗಿ ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತಿ ಶ್ವಾಸಕ್ಕೆ ತಲುಪುತ್ತದೆ. ಪಫ್ಫಿನದು ನೇರ ಎದೆಗೆ ಹೋಗುತ್ತದೆ. ಭಯಪಡಬೇಕಾದರೆ ಯಾವುದಕ್ಕೆ ಹೆಚ್ಚು?

ಹಾಗೆಂದು ನೀಲಿ ಪಂಪೇ ಚಿಕಿತ್ಸೆಯಲ್ಲ. ಬೆಳಿಗ್ಗೆ, ರಾತ್ರಿ ಮನೆಯಲ್ಲಿ ತೆಗೆದುಕೊಳ್ಳುವ ಸ್ಟೆರಾಯ್ಡ್ ಇನ್‌ಹೇಲರ್ ರೋಗವನ್ನು ಹಿಡಿತದಲ್ಲಿಡುವುದು. ನೀಲಿಯದು ಆ ಹೊತ್ತಿನ ಬಿಗಿತ ಸಡಿಲಿಸುವುದು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ನೀಲಿ ಬೇಕಾದರೆ ಹಿಡಿತ ತಪ್ಪಿದೆ ಎಂದರ್ಥ. ಶಾಲೆಯಲ್ಲಿ ಯಾವ ದಿನ, ಯಾವ ಪೀರಿಯಡ್, ಎಷ್ಟು ಪಫ್ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ತಿಂಗಳಿಗೊಮ್ಮೆ ಮನೆಗೆ ಕಳಿಸಿದರೆ ವೈದ್ಯರಿಗೆ ಎಕ್ಸ್‌ರೇಗಿಂತ ಹೆಚ್ಚು ತಿಳಿಯುತ್ತದೆ. ಕಾಯಿಲೆಯನ್ನು ಮುಚ್ಚಿಟ್ಟ ಮನೆಯ ಮಗುವಿಗೆ ಈ ಲಾಭವೂ ಇಲ್ಲ. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಭಾರತದವರು ಸುಮಾರು 13%, ಆಸ್ತಮಾ ಸಾವುಗಳಲ್ಲಿ 40%ಕ್ಕೂ ಹೆಚ್ಚು. ಉಬ್ಬಸ ವಾಸಿಯಾಗಲೆಂದು ಮೃಗಶಿರಾ ಕಾರ್ತಿಯಂದು ಹೈದರಾಬಾದಿನ ಮೀನಿನ ಮದ್ದಿಗೆ ಮಗುವನ್ನು ಕರೆದೊಯ್ಯುವವರ ನಂಬಿಕೆಯನ್ನು ನಾನು ಕೆಣಕುವುದಿಲ್ಲ. ಹೋಗುವಾಗಲೂ ಪಂಪು ಜೊತೆಗಿರಲಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ.

ದುಡ್ಡಿಲ್ಲ ಎಂಬ ಆಕ್ಷೇಪಕ್ಕೆ ಚಿಕ್ಕ ಉತ್ತರ ಸಾಕು. 200 ಪಫ್‌ಗಳ ಸಾಲ್ಬುಟಮಾಲ್ ಇನ್‌ಹೇಲರ್ ಇನ್ನೂರು ರೂಪಾಯಿಯೊಳಗೆ ಸಿಗುತ್ತದೆ. ಸ್ಪೇಸರ್ ಇಲ್ಲದಿದ್ದರೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕೆಂದು ಕೇಪ್‌ಟೌನಿನ ಮಕ್ಕಳ ವೈದ್ಯೆ ಹೆದರ್ ಜಾರ್ 1999ರಲ್ಲೇ ತೋರಿಸಿದ್ದಾರೆ. ಬಾಟಲಿಯ ತಳಕ್ಕೆ ಪಂಪಿನ ಬಾಯಿಯಷ್ಟೇ ಅಳತೆಗೆ ಬಗ್ಗಿಸಿದ ತಂತಿಯನ್ನು ಕಾಯಿಸಿ ಒತ್ತಿದರೆ ಪ್ಲಾಸ್ಟಿಕ್ ಕರಗಿ ತೂತಾಗುತ್ತದೆ. ಪಂಪನ್ನು ಅಲ್ಲಿ ಸೇರಿಸಿ ಸುತ್ತ ಗಾಳಿ ಸೋರದಂತೆ ಗೋಂದು ಬಳಿಯಬೇಕು; ಮಗು ಬಾಟಲಿಯ ಬಾಯಿಗೆ ಬಾಯಿಟ್ಟು ಉಸಿರೆಳೆಯುತ್ತದೆ. ಗೋಂದು ಬಳಿಯದೆ ಬಿಟ್ಟರೆ ಔಷಧ ಸೋರಿಹೋಗುತ್ತದೆ, ಅದೊಂದು ಎಚ್ಚರ. ಸರ್ಕಾರಿ ಶಾಲೆಗಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ, ಅವರು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಉಬ್ಬಸವೂ ಇದೆ. ಬಂದವರ ಕೈಲೇ ಆ ಹಾಳೆ ಬರೆಸಿಕೊಳ್ಳಬಹುದು.

ಕೊನೆಯ ಆಕ್ಷೇಪ ತೀವ್ರ ಅಲರ್ಜಿಯದು: ಶೇಂಗಾ ತಿಂದು ಸಾಯುವುದೆಲ್ಲ ಅಮೆರಿಕದ ಮಾತು, ನಮ್ಮಲ್ಲಿಲ್ಲ. ಇದರಲ್ಲಿ ಅರ್ಧ ಸತ್ಯವಿದೆ. ಚೀನಾ, ರಷ್ಯಾ, ಭಾರತದ ಶಾಲಾಮಕ್ಕಳನ್ನು ಒಟ್ಟಿಗೆ ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಹಾರದ ಅಲರ್ಜಿ ಹಾಂಗ್‌ಕಾಂಗಿನಲ್ಲಿ 1.5%, ಭಾರತದಲ್ಲಿ 0.14%, ಭಾರತದ ಭಾಗವನ್ನು ನೋಡಿಕೊಂಡವರು ಮೈಸೂರಿನ ಡಾ. ಪಿ.ಎ. ಮಹೇಶ್. ಸಾವಿರಕ್ಕೆ ಒಂದೆರಡು ಮಗು. ಆದರೆ ಕ್ಷೀರಭಾಗ್ಯದ ಹಾಲು 2013ರಿಂದ, ಮೊಟ್ಟೆ ಆಮೇಲೆ, ನಮ್ಮ ಶಾಲೆಗಳ ಲಕ್ಷಾಂತರ ಮಕ್ಕಳ ಬಾಯಿಗೆ ಹೋಗುತ್ತಿದೆ. ಸಜ್ಜಾದ ಕೆಳಗೆ ಹೆಜ್ಜೇನು ಕಟ್ಟದ ಶಾಲೆ ಎಷ್ಟಿವೆ? ಅಪರೂಪವೆಂದರೆ ಇಲ್ಲವೆಂದಲ್ಲ.

ಇಲ್ಲಿ ಪೂರ್ವಪಕ್ಷಿಯ ಒಂದು ಮಾತನ್ನು ನಾನು ಒಪ್ಪಲೇಬೇಕು. ತೀವ್ರ ಅಲರ್ಜಿಗೆ ಮೊದಲ ಔಷಧ ಅಡ್ರಿನಲಿನ್, ಒಂದೇ. ಅವಿಲ್ ಇಂಜೆಕ್ಷನ್ನೂ ಸೆಟ್ರಿಜಿನ್ ಮಾತ್ರೆಯೂ ದದ್ದಿಗೆ, ತುರಿಕೆಗೆ. ಗಂಟಲಿನ ಬಿಗಿತಕ್ಕೂ ಇಳಿದ ರಕ್ತದೊತ್ತಡಕ್ಕೂ ಅವು ಸಾಲವು. ಆದರೆ ಒತ್ತಿದರೆ ಸಾಕು ಎನ್ನುವ ಪೆನ್ನಿನಂಥ ಅಡ್ರಿನಲಿನ್ ನಮ್ಮ ಮೆಡಿಕಲ್ ಸ್ಟೋರಿನಲ್ಲಿ ಕೇಳಿದೊಡನೆ ಸಿಗುವುದಿಲ್ಲ. ಸಿಗುವುದು ಗಾಜಿನ ಆಂಪೂಲ್. ಅದನ್ನು ಮುರಿದು, ಮಗುವಿನ ತೂಕದ ಕೆ.ಜಿ.ಗೆ 0.01 ಮಿ.ಲೀ. ಲೆಕ್ಕದಲ್ಲಿ, ಅಂದರೆ ಇಪ್ಪತ್ತು ಕೆ.ಜಿ.ಯ ಮಗುವಿಗೆ 0.2 ಮಿ.ಲೀ., ಸಿರಿಂಜಿಗೆ ಎಳೆದು ತೊಡೆಯ ಹೊರಬದಿಗೆ ಚುಚ್ಚಿ ಎಂದು ಕನ್ನಡದ ಮೇಷ್ಟರಿಗೆ ಹೇಳುವುದು ತರವಲ್ಲ. ಆದ್ದರಿಂದ ಸಿದ್ಧಾಂತವನ್ನು ಇಲ್ಲಿ ತಿದ್ದಿಕೊಳ್ಳುತ್ತೇನೆ. ಅಲರ್ಜಿ ಮೊದಲೇ ಗೊತ್ತಿರುವ ಮಗುವಿಗೆ ಪೆನ್ನು ತರಿಸಬಲ್ಲ ಮನೆಯವರು ತರಿಸಿಕೊಡಲಿ, ಇಬ್ಬರು ಶಿಕ್ಷಕರು ಬಳಕೆ ಕಲಿಯಲಿ. ಉಳಿದ ಶಾಲೆಗಳು ಜೂನಿನಲ್ಲೇ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಒಂದೇ ಪ್ರಶ್ನೆ ಕೇಳಲಿ: ನಿಮ್ಮಲ್ಲಿ ಅಡ್ರಿನಲಿನ್ ಇದೆಯೇ, ಎಷ್ಟು ಹೊತ್ತಿನವರೆಗೆ ಬಾಗಿಲು ತೆಗೆದಿರುತ್ತದೆ? ಉತ್ತರವನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಲಿ. ಆ ಕ್ಲಿನಿಕ್ಕಿಗೆ ಹೋಗುವಾಗ ಮಗುವನ್ನು ನಡೆಸಬಾರದು, ಎತ್ತಿಕೊಂಡು ಹೋಗಬೇಕು. ಉಸಿರಿಗೆ ಕಷ್ಟವಿಲ್ಲದಿದ್ದರೆ ಮಲಗಿಸಿ ಕಾಲು ಎತ್ತರಿಸಬೇಕು. ಎದ್ದು ನಿಂತಾಗಲೇ ರಕ್ತದೊತ್ತಡ ಕುಸಿದು ಹೃದಯ ನಿಲ್ಲುವ ಅಪಾಯ ಹೆಚ್ಚು.

ಶೇಷ

ಡಸ್ಟರನ್ನು ತರಗತಿಯೊಳಗೆ ಬಡಿಯದಿರುವುದು, ಮಕ್ಕಳು ಬರುವ ಮೊದಲೇ ಕಸ ಗುಡಿಸುವುದು, ಕಾಂಪೌಂಡಿನ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ ಕೀಳಿಸುವುದು, ಪಿ.ಟಿ. ಪೀರಿಯಡ್ಡಿಗೆ ಮುಂಚೆ ವೈದ್ಯರು ಹೇಳಿದ್ದರೆ ಎರಡು ಪಫ್ ಎಳೆಸುವುದು: ಇವಕ್ಕೆ ಯಾರ ಆಕ್ಷೇಪವೂ ಇಲ್ಲದ್ದರಿಂದ ಚರ್ಚೆ ಬೇಡ. ಉಬ್ಬಸದ ಮಗುವನ್ನು ಆಟದಿಂದ ಹೊರಗೆ ಕೂರಿಸುವುದು ಮಾತ್ರ ಬೇಡ.

ಒಂದು ಸಂದರ್ಭವನ್ನು ಎಲ್ಲರೂ ಮರೆಯುತ್ತಾರೆ, ಎಸ್ಸೆಸ್ಸೆಲ್ಸಿ ಪರೀಕ್ಷೆಯದು. ಹತ್ತು ವರ್ಷ ಒಂದೇ ಶಾಲೆಯಲ್ಲಿ ಓದಿದ ಹುಡುಗಿ ಆ ದಿನ ಬೇರೆ ಕೇಂದ್ರದಲ್ಲಿ, ತನ್ನ ಹೆಸರೂ ತಿಳಿಯದ ಮೇಲ್ವಿಚಾರಕರ ಮುಂದೆ ಕೂತಿರುತ್ತಾಳೆ. ಬ್ಯಾಗು ಹೊರಗೆ ಉಳಿದಿರುತ್ತದೆ. ಬೇಸಿಗೆಯ ಧೂಳು, ಮನಸ್ಸಿನ ಆತಂಕ ಎರಡೂ ಸೇರಿ ಎದೆ ಬಿಗಿಯುವುದು ಆಗಲೇ. ಅವಳ ಶಾಲೆಯ ಮುಖ್ಯೋಪಾಧ್ಯಾಯರು ಪರೀಕ್ಷೆಯ ಹಿಂದಿನ ದಿನವೇ ಆ ರುಜು ಹಾಕಿದ ಹಾಳೆಯ ಪ್ರತಿಯನ್ನು ಕೇಂದ್ರದ ಮುಖ್ಯ ಅಧೀಕ್ಷಕರ ಕೈಗೆ ತಲುಪಿಸಬೇಕು. ನೀಲಿ ಪಂಪು ಹಾಲ್ ಟಿಕೆಟ್ಟಿನ ಪಕ್ಕದಲ್ಲಿ, ಡೆಸ್ಕಿನ ಮೇಲೆಯೇ ಇರಲು ಅನುಮತಿ ಪಡೆದಿರಬೇಕು.