ಕಂಬದ ಪಕ್ಕ ನಿಂತವಳು

ಹೋದ ತಿಂಗಳು ಒಂದು ಭಾನುವಾರ ಮೂರು ಸಾಲು ಬರೆಯೋಕೆ ನನಗೆ ಬೆಳಗಿಂದ ಸಂಜೆವರೆಗೂ ಬೇಕಾಯ್ತು. ವಾರವೆಲ್ಲಾ ಕೋಡ್ ಬರೆಯೋ ಕೈ ಇದು. ಆದ್ರೂ ಮೂರು ಸಾಲಿಗೆ ಇಷ್ಟು ಒದ್ದಾಡಿದ್ದು ಇದೇ ಮೊದಲು.

ವಿಷಯ ಇಷ್ಟೇ. ನಮ್ಮ ಸೀಮೆಯ ಹಳೇ ಮನೆಗಳಲ್ಲಿ ಉಳಿದಿರೋ ಫೋಟೋ, ಕಾಗದ ಪತ್ರ, ಲೆಕ್ಕದ ಪುಸ್ತಕಗಳನ್ನ ಸ್ಕ್ಯಾನ್ ಮಾಡಿಡೋ ಒಂದು ಸಣ್ಣ ಗುಂಪಿದೆ. ಬಿಡುವಿದ್ದಾಗ ನಾನೂ ಕೈ ಜೋಡಿಸ್ತೀನಿ. ಸ್ಕ್ಯಾನ್ ಮಾಡೋದು ಕಷ್ಟವಲ್ಲ, ಮೆಷಿನ್ ಮಾಡುತ್ತೆ. ಆಮೇಲೆ ಒಂದೊಂದಕ್ಕೂ ವಿವರ ತುಂಬಬೇಕು. ಅದಕ್ಕೆ ಡಬ್ಲಿನ್ ಕೋರ್ ಅನ್ನೋ ಪದ್ಧತಿ ಬಳಸ್ತೀವಿ. ಹೆಸರು ಕೇಳಿ ಐರ್ಲೆಂಡಿನದು ಅನ್ಕೋಬೇಡಿ. ಅಮೆರಿಕದ ಓಹಾಯೋದಲ್ಲೂ ಒಂದು ಡಬ್ಲಿನ್ ಇದೆ, 1995ರಲ್ಲಿ ಅಲ್ಲಿ ಸಭೆ ಸೇರಿದವರು ಶುರು ಮಾಡಿದ್ದು. ಅದರಲ್ಲಿ ಶೀರ್ಷಿಕೆ, ಕರ್ತೃ, ದಿನಾಂಕ, ಭಾಷೆ ಹೀಗೆ 15 ಖಾನೆಗಳು. 14 ಖಾನೆ ಹೇಗೋ ತುಂಬಿಬಿಡಬಹುದು. 'ವಿವರಣೆ' ಅನ್ನೋ ಒಂದು ಖಾನೆ ಮಾತ್ರ ತುಂಬುವವನನ್ನೇ ಪರೀಕ್ಷೆ ಮಾಡುತ್ತೆ.

ಯಾಕೆ ಬರೀಬೇಕು, ಫೋಟೋ ಕಣ್ಣೆದುರಿಗೇ ಇದೆಯಲ್ಲ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಉತ್ತರ ನಮ್ಮ ಮನೆ ಅಟ್ಟದ ಮೇಲೇ ಇತ್ತು. ನಮ್ಮಜ್ಜಿ ಬಿತ್ತನೆ ಬೀಜಕ್ಕೆ ಬೂದಿ ಬೆರೆಸಿ, ಹಳೇ ಸೀರೆ ತುಂಡಿನಲ್ಲಿ ಗಂಟು ಕಟ್ಟಿ ಅಟ್ಟದ ಮೇಲಿಡ್ತಿದ್ಲು. ಯಾವ ಗಂಟಲ್ಲಿ ಯಾವ ಅವರೆ, ಯಾವುದು ಯಾವ ಹೊಲಕ್ಕೆ ಒಗ್ಗುತ್ತೆ ಅನ್ನೋದು ಅವಳ ತಲೆಯಲ್ಲಿತ್ತು. ಅಜ್ಜಿ ಹೋದ ಮೇಲೆ ಗಂಟುಗಳಂತೂ ಹಾಗೇ ಉಳಿದವು. ಒಂದು ಮಳೆಗಾಲ ಕಾದು, ಕೊನೆಗೆ ಚಿಕ್ಕಮ್ಮ ಅವನ್ನ ಕೋಳಿಗೆ ಹಾಕಿದ್ರು. ಅವರದ್ದೇನೂ ತಪ್ಪಿಲ್ಲ. ಏನು ಅಂತ ಗೊತ್ತಿಲ್ಲದ ವಸ್ತು ಮನೆಯಲ್ಲಿದ್ದೂ ಇಲ್ಲದ ಹಾಗೇ.

ರನ್ನನ 'ಪರಶುರಾಮ ಚರಿತ' ನಮಗೆ ಸಿಕ್ಕಿಲ್ಲ, ಹೆಸರಷ್ಟೇ ಉಳಿದಿದೆ. ಹೆಸರಿದೆ, ವಸ್ತು ಇಲ್ಲ. ಈಗಿನ ನಮ್ಮ ಕಷ್ಟ ಇದರ ಉಲ್ಟಾ. ವಸ್ತು ಸರ್ವರಿನಲ್ಲಿ ಭದ್ರವಾಗಿದೆ, ಅದಕ್ಕೆ ಸರಿಯಾದ ಮಾತಿಲ್ಲ. 'ಐಎಂಜಿ 0047' ಅಂತ ಹೆಸರಿರೋ ಫೋಟೋವನ್ನ ಯಾರು ಹುಡುಕ್ತಾರೆ? ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ಉಳಿಯಬೇಕು ಅಂತ ಎಸ್. ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯಗಳಿಗೆ ಸೂತ್ರ ಹಾಕಿಕೊಟ್ಟರು. ಕಂಪ್ಯೂಟರ್ ಬಂದಿದೆ ಅಂತ ಆ ಸೂತ್ರವೇನೂ ಸಡಿಲ ಆಗಿಲ್ಲ.

ಇಷ್ಟರವರೆಗೆ ಇದು ಕಸುಬಿನ ಮಾತು. ಧರ್ಮಸಂಕಟ ಶುರುವಾಗಿದ್ದು ಒಂದು ಮದುವೆ ಫೋಟೋದಿಂದ.

ಸ್ವಾತಂತ್ರ್ಯಕ್ಕೂ ಮುಂಚಿನದು. ಮನೆ ಮುಂದಿನ ಜಗಲಿ. ಮಧ್ಯದಲ್ಲಿ ಬಾಸಿಂಗ ಕಟ್ಟಿದ ಗಂಡು ಹೆಣ್ಣು, ಪಕ್ಕದ ಕುರ್ಚಿಯಲ್ಲಿ ಪೇಟದ ಯಜಮಾನರು, ಸುತ್ತ ಮನೆ ಮಂದಿ. ಹಳೇ ಪಟ್ಟಿಯಲ್ಲಿ ಯಾರೋ 'ಯಜಮಾನರ ಮನೆಯವರು, ಮದುವೆ' ಅಂತಷ್ಟೇ ಬರೆದಿದ್ರು. ಝೂಮ್ ಮಾಡಿ ನೋಡಿದರೆ ಎಡಗಡೆ ಅಂಚಿನಲ್ಲಿ, ಕಂಬದ ಪಕ್ಕ, ಕಂಕುಳಲ್ಲಿ ಮಗು ಎತ್ತಿಕೊಂಡು ಒಬ್ಬ ಹೆಂಗಸು ನಿಂತಿದ್ದಾಳೆ. ಅರ್ಧ ಮುಖ ಕಾಣುತ್ತೆ. ಹಳೇ ವಿವರಣೆಯಲ್ಲಿ ಅವಳು ಇಲ್ಲ.

ನನಗೆ ಸಿಟ್ಟು ಬಂತು. ನಮ್ಮಮ್ಮನೂ ಇಂಥ ಮನೆಗಳ ಕಣದಲ್ಲಿ ಕೂಲಿ ಮಾಡಿದವಳು. ಕೂಡಲೇ ಟೈಪ್ ಮಾಡಿದೆ: 'ಪಕ್ಕದಲ್ಲಿ ಮನೆಗೆಲಸದ ಮಹಿಳೆ.' ನ್ಯಾಯ ಮಾಡಿದೆ ಅನ್ನೋ ಸಮಾಧಾನವೂ ಆಯ್ತು.

ನಾವು ಬರೆದಿದ್ದನ್ನ ನೋಡಿಕೊಡೋಕೆ ನಿವೃತ್ತ ಲೈಬ್ರರಿಯನ್ ಮೇಡಂ ಒಬ್ರಿದ್ದಾರೆ. ಅವರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ್ರು: "ಕೆಲಸದವರು ಅಂತ ಫೋಟೋದಲ್ಲಿ ಎಲ್ಲಿದೆ, ತೋರಿಸಪ್ಪ?"

ಎಲ್ಲೂ ಇರಲಿಲ್ಲ. ದೂರ ನಿಂತವಳು ಕೂಲಿಯವಳೇ ಇರಬೇಕು ಅಂತ ನಾನೇ ತೀರ್ಮಾನಿಸಿದ್ದೆ. ಹಳಬ ಅವಳನ್ನ ಬಿಟ್ಟು ತಪ್ಪು ಮಾಡಿದ, ನಾನು ನನ್ನ ಕತೆ ಅವಳ ಮೇಲೆ ಹೊರಿಸಿ ತಪ್ಪು ಮಾಡಿದೆ. ನನ್ನ ಉದ್ದೇಶ ಒಳ್ಳೇದಿತ್ತು ಅನ್ನೋದರಿಂದ ಅವಳಿಗೆ ಏನು ಬಂತು? ಶಾಸನ ಓದುವವರು ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕರು. ಕಲ್ಲಿನಲ್ಲಿ ಅಕ್ಷರ ಅಳಿಸಿಹೋಗಿದ್ದರೆ ಆ ಜಾಗದಲ್ಲಿ ಚುಕ್ಕೆ ಹಾಕ್ತಾರೆ. ಊಹೆ ಮಾಡಿದರೆ ಕಂಸದೊಳಗೆ ಇಡ್ತಾರೆ. ಕಲ್ಲು ಹೇಳಿದ್ದು ಯಾವುದು, ತಾನು ಹೇಳಿದ್ದು ಯಾವುದು ಅಂತ ಓದುಗನಿಗೆ ಬೇರೆ ಬೇರೆಯಾಗಿ ಕಾಣುತ್ತೆ.

ಮುಂದಿನ ವಾರ ಆ ಊರಿಗೇ ಹೋದೆ. ಆ ಮನೆಯಲ್ಲಿ ವಯಸ್ಸಾದ ಅಜ್ಜ ಒಬ್ರು ಇದ್ದಾರೆ. ಫೋನಿನಲ್ಲಿ ಫೋಟೋ ದೊಡ್ಡದು ಮಾಡಿ ತೋರಿಸಿದೆ. ತುಂಬ ಹೊತ್ತು ನೋಡಿ ಹೇಳಿದ್ರು: "ನಮ್ಮ ದೊಡ್ಡತ್ತೆ ಕಣಪ್ಪ. ಗಂಡ ತೀರ್ಕೊಂಡ್ಮೇಲೆ ತವರಿಗೆ ಬಂದಿದ್ರು. ತಮ್ಮನ ಮದ್ವೆ ಫೋಟೋ ಅಲ್ವಾ, ಎದುರಿಗೆ ಬರೋ ಹಂಗಿರ್ಲಿಲ್ಲ."

ಕೂಲಿಯವಳಲ್ಲ, ಮನೆ ಮಗಳು. ನನ್ನ ಊಹೆಗಿಂತ ನಿಜವೇ ಹೆಚ್ಚು ಕಹಿಯಾಗಿತ್ತು. ಅಷ್ಟರಲ್ಲಿ ಅಜ್ಜ ಇನ್ನೊಂದು ಮಾತು ಸೇರಿಸಿದ್ರು: "ಅದನ್ನೆಲ್ಲಾ ಬರೀಬೇಡ."

ಈಗ ಹೇಳಿ, ಏನು ಮಾಡಬೇಕು? ಗೊತ್ತಿದ್ದೂ ಬರೆಯದಿದ್ದರೆ ಅವಳನ್ನ ಇನ್ನೊಮ್ಮೆ ಕಂಬದ ಪಕ್ಕ ನಿಲ್ಲಿಸಿದ ಹಾಗೆ. ಬರೆದರೆ, ಅವಳ ಬದುಕಿನ ಅತಿ ನೋವಿನ ಸಂಗತಿಯೇ ಅವಳ ಗುರುತಾಗಿ ಹುಡುಕಿದವರಿಗೆಲ್ಲಾ ಸಿಗುತ್ತೆ. ಬೇಡ ಅನ್ನೋಕೆ ಅವಳಿಲ್ಲ. ಮನೆ ಮರ್ಯಾದೆ ಅಂತ ತಡೆಯುವವರ ಮಾತು ಕೇಳಬೇಕಿಲ್ಲ ಅಂತ ಬೆಂಗಳೂರಲ್ಲಿ ಕೂತು ವಾದ ಮಾಡಬಹುದು. ಎದುರಿಗೆ ಕೂತ ಅಜ್ಜನ ಕಣ್ಣಲ್ಲಿ ನೀರಿತ್ತು. ಅದು ಬರೀ ಮರ್ಯಾದೆಯ ಮಾತಲ್ಲ ಅನ್ನಿಸ್ತು.

"ಹೆಸರು ಹಾಕಲ್ಲ ತಾತ. ಮನೆ ಮಗಳು ಅಂತ ಹಾಕ್ಲಾ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕು. ಮಗಳು ಅಂತ್ಲೇ ಹಾಕು" ಅಂದ್ರು.

ಆ ಭಾನುವಾರ ಬರೆದ ಮೂರು ಸಾಲು ಇವು: 'ಮದುವೆಯ ಸಂದರ್ಭದಲ್ಲಿ ಮನೆಯ ಜಗಲಿಯ ಮೇಲೆ ತೆಗೆದ ಕುಟುಂಬದ ಫೋಟೋ. ಮಧ್ಯದಲ್ಲಿ ವಧೂವರರು, ಸುತ್ತ ಮನೆಯ 11 ಜನ. ಎಡಗಡೆ ಕಂಬದ ಪಕ್ಕ ಮಗುವನ್ನು ಎತ್ತಿಕೊಂಡ ಒಬ್ಬ ಮಹಿಳೆ ಪ್ರತ್ಯೇಕವಾಗಿ ನಿಂತಿದ್ದಾರೆ. ಅವರು ಈ ಮನೆಯ ಮಗಳು ಎಂದು ಕುಟುಂಬದವರು ತಿಳಿಸಿದ್ದಾರೆ.'

ಇದು ಪೂರ್ತಿ ಅಲ್ಲ ಅಂತ ನನಗೆ ಗೊತ್ತು. ವಿಧವೆಯರ ಬದುಕಿನ ಬಗ್ಗೆ ಅಧ್ಯಯನ ಮಾಡುವವರು ಆ ಪದ ಹಾಕಿ ಹುಡುಕಿದರೆ ಈ ಫೋಟೋ ಸಿಗೋದಿಲ್ಲ. ಆ ನಷ್ಟ ನಾನು ಮಾಡಿದ್ದೇ. ಆದರೆ 'ಪ್ರತ್ಯೇಕವಾಗಿ' ಅನ್ನೋ ಮಾತನ್ನ ಮೇಡಂ ಕೂಡ ಉಳಿಸಿದ್ರು. ಅದು ಊಹೆಯಲ್ಲ, ಕಣ್ಣಿಗೆ ಕಾಣೋದು. ಮನೆ ಮಗಳು ಯಾಕೆ ಪ್ರತ್ಯೇಕವಾಗಿ ನಿಂತಳು ಅಂತ ಓದಿದವರು ಕೇಳಿಕೊಂಡರೆ, ಉತ್ತರ ಹುಡುಕುವ ದಾರಿ ತೆರೆದಿದೆ. ಸ್ಪಷ್ಟವಾಗಿ ಬರೆಯೋದು ಅಂದ್ರೆ ಎಲ್ಲವನ್ನೂ ಹೇಳಿಬಿಡೋದು ಅಂತ ನಾನು ಅನ್ಕೊಂಡಿದ್ದೆ. ನೋಡಿದ್ದೆಷ್ಟು, ಕೇಳಿದ್ದೆಷ್ಟು, ಯಾರಿಂದ ಕೇಳಿದ್ದು ಅನ್ನೋದನ್ನ ಕಲಸದೆ ಇಡೋದೇ ಸ್ಪಷ್ಟತೆ ಅಂತ ಈಗ ಅನ್ನಿಸ್ತಿದೆ.

ಈ ಬರಹವನ್ನೂ ಅಜ್ಜನಿಗೆ ಓದಿ ಹೇಳಿ, ಊರು ಮನೆ ಗುರುತು ಸಿಗದ ಹಾಗೆ ಮಾಡಿ, ಒಪ್ಪಿಗೆ ತಗೊಂಡೇ ಹಾಕ್ತಿದ್ದೀನಿ. ಪೂರ್ತಿ ಕೇಳಿದ ಮೇಲೆ ಅವರು ಆ ಫೋಟೋದ ಒಂದು ಪ್ರಿಂಟ್ ಬೇಕು ಅಂದ್ರು. ಎಡಗಡೆ ಅಂಚು ಕತ್ತರಿಸದೆ ಹಾಕಿಸಿಕೊಂಡು ಬಾ ಅಂತ ಎರಡು ಸಲ ಹೇಳಿದ್ರು.